ಲಕ್ಷ ಜನರ ಆ ಕೂಗಿನಲ್ಲಿ ಮೊದಲ ದನಿ ನನ್ನದು

ಪ್ರಸಾರ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕೂತವರಿಗೆ,

ಮಾನ್ಯರೇ,

ಎರಡು ವಾರದ ಹಿಂದೆ ಒಂದು ಗುರುವಾರ ನಿಮ್ಮ ಕಚೇರಿ ಎರಡು ಕಾಗದಗಳಿಗೆ ಮೊಹರು ಒತ್ತಿತು. ಬಾಹ್ಯಾಕಾಶದಲ್ಲಿ ಧರ್ಮಯುದ್ಧ ನಡೆಯುವ ಆ ಧಾರಾವಾಹಿಯ ಮೇಲೆ ನಾನು ಕೊಟ್ಟಿದ್ದ ದೂರನ್ನು ಒಂದು ಕಾಗದದಲ್ಲಿ ತಿರಸ್ಕರಿಸಿದಿರಿ. ಅದೇ ಧಾರಾವಾಹಿಯಲ್ಲಿ ಯುದ್ಧಕ್ಕೆ ಕರೆ ಕೊಡುವ ಗುರುವಿಗೆ ದನಿ ನೀಡಿದವನನ್ನು ಇನ್ನೊಂದು ಕಾಗದದಲ್ಲಿ ವರ್ಷದ ಶ್ರೇಷ್ಠ ಕಂಠದಾನ ಕಲಾವಿದನೆಂದು ಘೋಷಿಸಿದಿರಿ. ಮೊದಲನೆಯದು ಶನಿವಾರ ಅಂಚೆಯಲ್ಲಿ ನನ್ನ ಮನೆಗೆ ಬಂತು. ಎರಡನೆಯದು ಅದೇ ಶನಿವಾರ ಪತ್ರಿಕೆಯಲ್ಲಿ, ಅವನ ನಗುಮುಖದ ಸಮೇತ ಬಂತು. ಎರಡನ್ನೂ ಒಂದೇ ಲೋಟ ಕಾಫಿಯೊಂದಿಗೆ ಓದುವ ಭಾಗ್ಯ ಕರುಣಿಸಿದ್ದೀರಿ, ದೊಡ್ಡ ಮನಸ್ಸು ನಿಮ್ಮದು.

ಇವನಿಗೆ ಹೊಟ್ಟೆಕಿಚ್ಚು ಎಂದು ನೀವು ಈಗಾಗಲೇ ಅಂದುಕೊಂಡಿರುತ್ತೀರಿ. ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ಇಪ್ಪತ್ತೆರಡು ವರ್ಷದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದೇನೆ. ಮುಚ್ಚಿಟ್ಟರೆ ಈ ಪತ್ರದ ಉಳಿದ ಮಾತನ್ನೂ ನೀವು ನಂಬಲಾರಿರಿ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನೂ ಅವನೂ ಒಂದೇ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವವರು. ಬೇರೆ ಭಾಷೆಯ ಧಾರಾವಾಹಿಗಳಿಗೆ ನಮ್ಮ ಭಾಷೆಯ ಮಾತು ಕೊಡುವುದು ನಮ್ಮ ಹೊಟ್ಟೆಪಾಡು. ಅವನನ್ನು ಎಲ್ಲರೂ ಕಂಚು ಎನ್ನುತ್ತಾರೆ, ಅವನ ಕಂಠ ಹಾಗಿದೆ. ನನ್ನನ್ನು ಸಮಾಧಾನ ಎನ್ನುತ್ತಾರೆ. ಯಾಕೆಂದರೆ ನನಗೆ ಸಿಗುವುದೆಲ್ಲ ಡಾಕ್ಟರು, ರಾಯಭಾರಿ, ವಕೀಲ, ಇಂಥ ಪಾತ್ರಗಳೇ. 'ಸ್ವಲ್ಪ ಯೋಚಿಸಿ ನೋಡೋಣ' ಎಂದು ಹೇಳಿ ಮೂರನೇ ಕಂತಿನೊಳಗೆ ಸಾಯುವವರು. ಈ ಧಾರಾವಾಹಿಯಲ್ಲೂ ನಾನು ಶಾಂತಿದೂತನೇ. ಪಾಪ, ಇವನು ಒಂಬತ್ತನೇ ಕಂತಿನವರೆಗೂ ಬದುಕಿದ್ದ. ನನ್ನ ವೃತ್ತಿಯಲ್ಲಿ ಅದೇ ದೀರ್ಘಾಯುಷ್ಯ.

ನಿಮ್ಮ ತಿರಸ್ಕಾರ ಪತ್ರದ ಒಂದು ವಾಕ್ಯ ನನಗೆ ಬಾಯಿಪಾಠವಾಗಿದೆ: 'ಸದರಿ ಘಟನೆಗಳು ಅನ್ಯ ನಕ್ಷತ್ರಮಂಡಲದಲ್ಲಿ ಜರುಗುವುದರಿಂದ ಭೂಮಿಯ ಮೇಲಿನ ಯಾವುದೇ ವ್ಯಕ್ತಿಗೆ ಹಾನಿಯಾಗುವ ಪ್ರಶ್ನೆ ಉದ್ಭವಿಸುವುದಿಲ್ಲ, ಮೇಲಾಗಿ ಅಂತಿಮ ಕಂತಿನಲ್ಲಿ ಶಾಂತಿಯ ಸಂದೇಶವಿದೆ.' ಆಹಾ! ಕಥೆ ಬೇರೆ ಗ್ರಹದಲ್ಲಿ ನಡೆಯುತ್ತದೆ, ಸರಿ. ಟಿವಿ ಯಾವ ಗ್ರಹದಲ್ಲಿದೆ? ಅದರ ಮುಂದೆ ಚಾಪೆ ಹಾಸಿ ಕೂತ ಮಕ್ಕಳು ಯಾವ ನಕ್ಷತ್ರಮಂಡಲದವರು? ಸತ್ತುಹೋದ ಸೂರ್ಯ ಮತ್ತೆ ಉರಿಯಬೇಕಾದರೆ ನಂಬದವರೆಲ್ಲ ಅಳಿಯಬೇಕು ಎನ್ನುತ್ತಾನೆ ಆ ಗುರು. ಅವನ ಕಡೆಯವರು ಬೆಳಕಿನವರು, ಮಿಕ್ಕವರು ಆರಿದವರು. ಈ ಮಾತು ಹೇಳುವಾಗಲೆಲ್ಲ ಗಾಳಿಗೆ ಅವನ ನಿಲುವಂಗಿ ಹಾರುತ್ತದೆ, ನಗಾರಿ ಮೊಳಗುತ್ತದೆ, ಕ್ಯಾಮೆರಾ ಅವನ ಕಣ್ಣಿನ ಹತ್ತಿರಕ್ಕೇ ಹೋಗುತ್ತದೆ. ನನ್ನ ಶಾಂತಿದೂತ ಮಾತಾಡುವಾಗ? ಒಂದು ಉದ್ದ ಕಾರಿಡಾರು, ಒಂದು ಟ್ಯೂಬ್‌ಲೈಟು. ನಲವತ್ತೊಂಬತ್ತು ವಾರ ಬೆಂಕಿ, ಐವತ್ತನೇ ವಾರ ನೀತಿ. ಆ ಐವತ್ತನೇ ವಾರ ನಮ್ಮ ಬೀದಿಯಲ್ಲಿ ಕರೆಂಟು ಇರಲಿಲ್ಲ.

ಧರ್ಮಾಂಧತೆಯ ಕಥೆ ಹೇಳಲೇಬಾರದು ಎನ್ನುವವನಲ್ಲ ನಾನು. ಹೇಳಲಿ. ಭೂಮಿಯ ಮೇಲೆ ಹೇಳಲು ಹೆದರುವುದನ್ನು ನಕ್ಷತ್ರಕ್ಕೆ ಸಾಗಿಸಿ ಹೇಳುವುದು ಈ ಬಗೆಯ ಕಥೆಗಳ ಜಾಣತನ, ಅದು ನನಗೂ ಇಷ್ಟ. ಆದರೆ ಹುಚ್ಚಿಗೆ ಅಷ್ಟೊಂದು ಅಲಂಕಾರ, ವಿವೇಕಕ್ಕೆ ಇಷ್ಟೊಂದು ಬೇಸರ ಏಕೆ? ಕೊಲ್ಲು ಎನ್ನುವವನಿಗೆ ಕಂಚು, ಬೇಡ ಎನ್ನುವವನಿಗೆ ನಾನು! ಇದನ್ನು ಪಾತ್ರ ಹಂಚಿಕೆ ಎನ್ನುತ್ತಾರೆ. ನಾನಂತೂ ಇದನ್ನು ಪಕ್ಷಪಾತ ಎನ್ನುತ್ತೇನೆ.

ಈಗ ಆ ಇಪ್ಪತ್ತಮೂರನೇ ಕಂತಿನ ವಿಷಯ. ಅಲ್ಲಿ ಗುರು ಲಕ್ಷ ಜನರ ಮುಂದೆ ನಿಂತು ಉಪದೇಶ ಮಾಡುತ್ತಾನೆ. ಕಂಚು ಅದನ್ನು ಒಂದೇ ಉಸಿರಿಗೆ, ಒಂದೇ ಸಲಕ್ಕೆ ಮುಗಿಸಿದ. ಗಾಜಿನ ಆಚೆ ಕೂತು ಧ್ವನಿ ಮುದ್ರಿಸುವ ಅಕ್ಕ, ಹದಿನೈದು ವರ್ಷದಿಂದ ಯಾರನ್ನೂ ಹೊಗಳದವಳು, ಹೆಡ್‌ಫೋನು ತೆಗೆದು ಕಣ್ಣೊರೆಸಿಕೊಂಡು "ಏನಪ್ಪಾ ನೀನು, ಕೊಂದುಬಿಟ್ಟೆ" ಅಂದಳು. ನನ್ನ ಶಾಂತಿದೂತ ಪ್ರಾಣ ಬಿಟ್ಟ ದಿನ ಅವಳು ಹೇಳಿದ್ದು, "ಕೊನೇ ಉಸಿರು ಸ್ವಲ್ಪ ಬೇಗ ಮುಗಿಸಿ, ಊಟದ ಹೊತ್ತಾಯ್ತು."

ಉಪದೇಶ ಮುಗಿದ ಮೇಲೆ ಜನಸಮೂಹದ ದನಿ ಬೇಕು. ಅದಕ್ಕೆ ನಮ್ಮಲ್ಲಿ ಬೇರೆ ಜನ ಬರುವುದಿಲ್ಲ. ಆ ಹೊತ್ತಿಗೆ ಅಲ್ಲಿ ಯಾರಿದ್ದಾರೋ ಅವರೇ ಗುಂಪು. ಹೆಜ್ಜೆಸದ್ದು ಬಾರದಿರಲೆಂದು ಐದು ಜನ ಬರೀ ಕಾಲುಚೀಲದಲ್ಲಿ ನಿಂತು, ಒಬ್ಬರು ಗೋಡೆಗೆ, ಒಬ್ಬರು ಕಿಟಕಿಗೆ, ಒಬ್ಬರು ನೆಲಕ್ಕೆ ಮುಖ ಮಾಡಿ ಕೂಗುತ್ತೇವೆ. ಅದನ್ನು ಆರೇಳು ಸಲ ಮುದ್ರಿಸಿ ಒಂದರ ಮೇಲೊಂದು ಕೂಡಿಸಿದರೆ ಲಕ್ಷ ಜನ ತಯಾರು. ಮೂಲದಲ್ಲಿ ಬರೀ ಗದ್ದಲವಿತ್ತು, ಮಾತಿರಲಿಲ್ಲ. ನಮ್ಮ ಹಾಳೆಯಲ್ಲೂ 'ಗುಂಪು: ಗದ್ದಲ' ಎಂದಷ್ಟೇ ಇತ್ತು. ಕಂಚು ಮೂಲೆಯ ಕುರ್ಚಿಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದ. ಅವನ ಮುಖದಲ್ಲಿ ಅದೆಂಥ ತೃಪ್ತಿ! ನನಗೆ ಮೈಯೆಲ್ಲ ಉರಿಯಿತು. ಇವನ ದನಿ ಮುಳುಗಿಹೋಗುವ ಹಾಗೆ ಒಂದು ಸಲ, ಒಂದೇ ಒಂದು ಸಲ ಕೂಗಬೇಕು ಅನ್ನಿಸಿತು. ಮುದ್ರಣದ ಕೆಂಪು ದೀಪ ಹತ್ತಿತು. ಯಾರೂ ಹೇಳಿಕೊಡದೆ, ಎಲ್ಲೂ ಬರೆದಿರದೆ, ನನ್ನ ಬಾಯಿಂದ ಹೊರಟಿತು: "ಒಬ್ಬರೂ ಉಳಿಯಬಾರದು!" ಉಳಿದ ನಾಲ್ವರೂ ದನಿಗೂಡಿಸಿದರು. ಅಕ್ಕ ಹೆಬ್ಬೆರಳೆತ್ತಿ ತೋರಿಸಿದಳು. ಸಮಾಧಾನನಿಗೂ ಒಂದು ಹೆಬ್ಬೆರಳು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವತ್ತು ಮನೆಗೆ ನಡೆದುಕೊಂಡೇ ಹೋದೆ, ಅಷ್ಟು ಖುಷಿಯಾಗಿತ್ತು.

ಆ ಕಂತು ಪ್ರಸಾರವಾದ ಹತ್ತೇ ದಿನಕ್ಕೆ ಶಾಲೆಗಳಲ್ಲಿ ಆಟ ಶುರುವಾಯಿತು. ಬೆಳಕಿನವರು, ಆರಿದವರು. ಯಾರು ಯಾವ ಕಡೆ ಎಂದು ನಿರ್ಧರಿಸುವುದು ತರಗತಿಯ ಗಟ್ಟಿಗಿತ್ತಿಯರು. ನನ್ನ ಮಗಳು ಐದನೇ ತರಗತಿ. ಮೆತ್ತಗಿನ ಹುಡುಗಿ, ನನ್ನ ಹಾಗೆ. ಅವಳನ್ನು ಆರಿದವಳು ಎಂದು ಆಟದ ಸಾಮಾನಿನ ಕೋಣೆಗೆ ತಳ್ಳಿ ಚಿಲಕ ಹಾಕಿದರು. ಹೊರಗೆ ಇಪ್ಪತ್ತು ಹುಡುಗಿಯರು ಕೈತಟ್ಟಿ ಕೂಗಿದರಂತೆ, "ಒಬ್ಬಳೂ ಉಳಿಯಬಾರದು!" ಹೆಣ್ಣುಮಕ್ಕಳ ಶಾಲೆ ನೋಡಿ, ಲಿಂಗ ತಿದ್ದಿಕೊಂಡಿದ್ದರು. ಕೊನೆಗೆ ಅದೇ ತರಗತಿಯ ಒಂದು ಮಗು, ದಪ್ಪ ಗಾಜಿನ ಕನ್ನಡಕದ ಚಿಕ್ಕ ಹುಡುಗಿ, ಎಲ್ಲರ ನಡುವೆ ನುಗ್ಗಿ ಹೋಗಿ ಚಿಲಕ ತೆಗೆದಿತ್ತು. ನನ್ನ ಮಗಳು ಮನೆಗೆ ಬಂದು ಎರಡು ದಿನ ಬಚ್ಚಲಮನೆಯ ಬಾಗಿಲನ್ನೂ ಹಾಕಿಕೊಳ್ಳಲಿಲ್ಲ.

ಆಗ ನಿಮಗೆ ದೂರು ಬರೆದೆ. ನಾಲ್ಕು ಪುಟ. ಗುರುವಿನ ಉಪದೇಶ ಮಕ್ಕಳ ತಲೆ ಕೆಡಿಸುತ್ತಿದೆ, ಆ ದನಿಯಲ್ಲಿ ವಿಷವಿದೆ ಎಂದು ಬರೆದೆ. ಆ ದನಿ ಎಂದರೆ ಕಂಚುವಿನದು. ಮಕ್ಕಳು ಕೂಗಿದ್ದು ಉಪದೇಶವನ್ನಲ್ಲ, ನನ್ನ ಎರಡು ಮಾತನ್ನು ಎಂಬ ಸಂಗತಿ ಆ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಬೇಕಾದರೆ ಕಡತ ತೆಗೆಸಿ ನೋಡಿ. ನನ್ನ ಮಗಳ ಕಣ್ಣೀರಿನಲ್ಲೂ ಅವನನ್ನು ಸಿಕ್ಕಿಸಲು ನೋಡಿದೆ, ಅಂಥವನು ನಾನು.

ಇಷ್ಟರ ಮೇಲೆ ನಿಮ್ಮ ಪ್ರಶಸ್ತಿ. ಪತ್ರಿಕೆಯಲ್ಲಿ ನಿಮ್ಮ ತೀರ್ಪುಗಾರರ ಮಾತು ಹೀಗಿತ್ತು: 'ಉಪದೇಶಕ್ಕೆ ಓಗೊಟ್ಟು ಲಕ್ಷ ಕಂಠಗಳು ಒಬ್ಬರೂ ಉಳಿಯಬಾರದು ಎಂದು ಮೊಳಗುವ ಕ್ಷಣ ಮೈನವಿರೇಳಿಸುವಂಥದ್ದು, ಇದು ಸದರಿ ಕಲಾವಿದರ ಪ್ರತಿಭೆಗೆ ಸಾಕ್ಷಿ.' ಸದರಿ ಕಲಾವಿದರು ಆಗ ಬಿಸಿನೀರು ಕುಡಿಯುತ್ತಿದ್ದರು ಸ್ವಾಮಿ! ನನ್ನ ಗಂಟಲಿನಿಂದ ಬಂದ ಯಾವುದನ್ನಾದರೂ ಒಬ್ಬ ತೀರ್ಪುಗಾರ ಮೆಚ್ಚಿದ್ದು ಇದೇ ಮೊದಲು, ಅದೂ ಅವನ ಹೆಸರಿಗೆ. ಹೆಂಡತಿ ಪತ್ರಿಕೆ ಕಿತ್ತುಕೊಂಡು, "ಹೋಗ್ಲಿ ಬಿಡಿ, ಅಂಥಾ ಕೂಗು ನಿಮ್ಮದು ಅಂತ ಗೊತ್ತಾಗದೇ ಇರೋದೇ ಒಳ್ಳೇದು" ಅಂದಳು. ಅವಳ ಮಾತು ಕೇಳಬೇಕಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಗಳು ಬಂದು ಪಕ್ಕ ನಿಂತಳು.

"ಅಪ್ಪಾ, ನಂಗೆ ಜೋರಾಗಿ ಕೂಗೋದು ಹೇಳ್ಕೊಡ್ತೀಯಾ? ಚೆನ್ನಾಗಿ ಕೂಗಿದ್ರೆ ಬೆಳಕಿನವರ ಕಡೆ ಸೇರಿಸ್ಕೋತಾರಂತೆ."

"ಯಾವ ಕೂಗು?"

"ಅದೇ, ಟಿವೀಲಿ ಬರುತ್ತಲ್ಲ. ಗುರುಗಳು ಕೂಗ್ತಾರಲ್ಲ."

ಗುರುಗಳು! ನನ್ನ ಮನೆಯಲ್ಲಿ, ನನ್ನ ಮಗಳ ಬಾಯಲ್ಲಿ! "ಅದು ಅವನದ್ದಲ್ಲ ಕಣೇ, ನಂದು" ಅಂದೆ.

"ಸುಳ್ಳು. ನೀನು ಡಾಕ್ಟ್ರು ತಾನೆ?"

ಒದ್ದೆ ಟವೆಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂಗಿ ತೋರಿಸಿದೆ. ಎದುರು ಮನೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮಗಳು ನನ್ನನ್ನು ನೋಡಿದ ರೀತಿ ಹೇಗೆ ಹೇಳಲಿ? ಹತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಕಂಚುವಿನ ಸಹಿಗಾಗಿ ಪುಸ್ತಕ ಕೊಟ್ಟು ಕಳಿಸಿದ್ದ ಹುಡುಗಿ ಅವಳು. ನಾನು ಕರಗಿಹೋದೆ. "ಗಂಟಲಿಂದ ಅಲ್ಲ, ಹೊಟ್ಟೆಯಿಂದ ಬರ್ಲಿ. ಭುಜ ಎತ್ತಬೇಡ. ಮೊದಲನೇ ಅಕ್ಷರ ಒತ್ತಿ ಹೇಳು" ಎಂದು ಅರ್ಧ ಗಂಟೆ ತಿದ್ದಿ ತಿದ್ದಿ ಹೇಳಿಕೊಟ್ಟೆ. ಚೆನ್ನಾಗಿ ಕಲಿತಳು. ಇದನ್ನು ಕಲಿತು ಏನು ಮಾಡುತ್ತೀಯಮ್ಮಾ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಬುಧವಾರ ಶಾಲೆಯಿಂದ ಕರೆ ಬಂತು. ಮುಖ್ಯೋಪಾಧ್ಯಾಯಿನಿ ಕೂರಲೂ ಹೇಳಲಿಲ್ಲ. "ನಿಮ್ಮ ಮಗಳೇ ಮುಂದೆ ನಿಂತು ಕೂಗ್ಸಿದಾಳೆ. ಟಿವೀಲಿ ಬರೋ ಕೂಗು ನಮ್ಮಪ್ಪಂದೇ, ಅಪ್ಪಾನೇ ಹೇಳ್ಕೊಟ್ಟಿದ್ದು ಅಂತ ಎಲ್ರಿಗೂ ಹೇಳಿದಾಳೆ. ಹೌದೇನ್ರೀ?" ಎಂದರು. ಆ ದಿನ ಕೋಣೆಯೊಳಗೆ ಇದ್ದದ್ದು ಯಾರು ಗೊತ್ತೇ? ನನ್ನ ಮಗಳಿಗೆ ಚಿಲಕ ತೆಗೆದುಕೊಟ್ಟಿದ್ದ ಕನ್ನಡಕದ ಹುಡುಗಿ. ಆರಿದವಳನ್ನು ಬಿಡಿಸಿದವಳೂ ಆರಿದವಳೇ ಎಂದು ತೀರ್ಮಾನವಾಗಿತ್ತಂತೆ. ಈ ಸಲ ಚಿಲಕ ತೆಗೆಯಲು ಯಾರೂ ನುಗ್ಗಲಿಲ್ಲ. ಒಂದೂವರೆ ಗಂಟೆ ಆದ ಮೇಲೆ ಆಯಾ ಚೆಂಡು ಇಡಲು ಹೋದಾಗ ಮಗು ಮೂಲೆಯಲ್ಲಿ ಕೂತಿತ್ತು, ಕನ್ನಡಕ ಒಡೆದಿತ್ತು.

ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮಗಳು ದಾರಿಯುದ್ದಕ್ಕೂ ಅಳುತ್ತಿದ್ದಳು. ತಾಯಿ ಬಾಗಿಲು ತೆಗೆದರು. ನನಗೆ ಗೊತ್ತಿರುವ ಅತ್ಯಂತ ಮೃದುವಾದ ಡಾಕ್ಟರ ದನಿಯಲ್ಲಿ, ಕ್ಷಮೆ ಕೇಳಲು ಬಂದಿದ್ದೇವೆ ಎಂದೆ. ಒಳಗಿನಿಂದ ಮಗುವಿನ ಮಾತು ಕೇಳಿಸಿತು: "ಅಮ್ಮಾ, ಅದು ಆ ಕೂಗೋ ಅಂಕಲ್ಲಾ?" ಆಮೇಲೆ ಒಳಗಿನ ಕೋಣೆಯ ಚಿಲಕ ಬಿದ್ದ ಸದ್ದು. ತಾಯಿ ಜಗಳವಾಡಲಿಲ್ಲ. "ನಿಮ್ಮ ಮಗಳು ಬೇಕಾದ್ರೆ ಬರ್ಲಿ. ನೀವು ಬರ್ಬೇಡಿ, ನಿಮ್ಮ ದನಿಗೇ ಹೆದರ್ಕೋತಾಳೆ" ಎಂದಷ್ಟೇ ಹೇಳಿದರು. ಆ ಮಗು ಶಾಲೆಗೆ ಹೋಗಿ ಇಂದಿಗೆ ಒಂಬತ್ತು ದಿನವಾಯಿತು.

ಈಗ ನನ್ನ ಬೇಡಿಕೆ. ಮುಂದಿನ ತಿಂಗಳಿನಿಂದ ಧಾರಾವಾಹಿ ಮರುಪ್ರಸಾರವಾಗಲಿದೆ, ಈ ಸಲ ಮಕ್ಕಳ ರಜೆಯೆಂದು ಮಧ್ಯಾಹ್ನದ ಹೊತ್ತಿಗೆ. ಅದಕ್ಕೆ ಮುಂಚೆ ಇಪ್ಪತ್ತಮೂರನೇ ಕಂತಿನಿಂದ ನನ್ನ ಎರಡು ಮಾತು ತೆಗೆಸಿ. ಅದು ಯಾವ ಗ್ರಹದ್ದೂ ಅಲ್ಲ, ನನ್ನ ಹೊಟ್ಟೆಯದು, ನಿಮ್ಮ ಅಧಿಕಾರ ವ್ಯಾಪ್ತಿಗೆ ಖಂಡಿತ ಬರುತ್ತದೆ. ಪ್ರಶಸ್ತಿ ಕಂಚುವಿನ ಬಳಿಯೇ ಇರಲಿ. ಉಪದೇಶ ಅವನು ನಿಜಕ್ಕೂ ಚೆನ್ನಾಗಿ ಹೇಳಿದ್ದಾನೆ, ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿಮಗೆ ತಿಳಿಯದು. ಆದರೆ ಆ ಕೂಗು ಅವನದಲ್ಲ ಎಂದು ಪ್ರಶಸ್ತಿ ಪ್ರಕಟವಾದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿಸಿ. ನಾಚಿಕೆಯಿಂದ ಕೇಳುತ್ತಿದ್ದೇನೋ ಆಸೆಯಿಂದಲೋ, ನನಗೇ ಗೊತ್ತಾಗುತ್ತಿಲ್ಲ. ಎರಡೂ ಇರಬಹುದು.

ಕಡೆಯದಾಗಿ, ಆ ಗದ್ದಲವನ್ನು ಮತ್ತೆ ಮುದ್ರಿಸುವ ದಿನ ಸ್ಟುಡಿಯೋದ ಬಾಗಿಲನ್ನು ಅಗಲವಾಗಿ ತೆರೆದಿಡಲು ಆದೇಶ ಕೊಡಿ. ಬೀದಿಯ ಹಾರ್ನು, ತರಕಾರಿಯವಳ ಕೂಗು, ಎಲ್ಲವೂ ಒಳಗೆ ಬಂದು ಮುದ್ರಣ ಕೆಡುತ್ತದೆ ಎಂದು ಅಕ್ಕ ಬೊಬ್ಬೆ ಹಾಕುತ್ತಾಳೆ. ಹಾಕಲಿ. ಬೇರೆ ನಕ್ಷತ್ರದಲ್ಲೂ ಒಂದು ದಿನ ಹಾರ್ನು ಕೇಳಲಿ, ಏನು ಮುಳುಗಿಹೋಗುತ್ತದೆ? ಆ ಮಗುವನ್ನು ಅವಳ ತಾಯಿ ಕರೆತರಲು ಒಪ್ಪಿದರೆ, ಒಳಗೆ ಬರುವುದೇನೂ ಬೇಡ, ಬೀದಿಯ ಆಚೆ ಬದಿಯಿಂದಲೇ ನೋಡಲಿ. ಅಲ್ಲಿ ಲಕ್ಷ ಜನ ಇಲ್ಲ, ಕಾಲುಚೀಲ ಹಾಕಿದ ಐದು ಜನ ಇದ್ದಾರೆ, ಮುಂದೆ ನಿಂತಿರುವ ಬೊಕ್ಕತಲೆಯವನ ಬಾಯಿಂದ ಈ ಸಲ ಒಂದು ಮಾತೂ ಹೊರಡುತ್ತಿಲ್ಲ ಎಂದು ಅವಳು ಕಣ್ಣಾರೆ ನೋಡಲಿ.

ಇಂತಿ,
ಯಾವ ಪ್ರಶಸ್ತಿಯೂ ಬಾರದ, ಆದರೆ ಒಂದು ಮಗುವಿಗೆ ಚೆನ್ನಾಗಿ ಗುರುತು ಸಿಗುವ ದನಿಯವ,
ನಿಮ್ಮ ಶಾಂತಿದೂತ