ಎಲೆಯೆದುರಿನ ಮಾತು

ತಿರುವನಂತಪುರ
9 ಅಕ್ಟೋಬರ್ 2025

ಪ್ರೀತಿಯ ಕುಸುಮಾವತಿ ಅತ್ತಿಗೆಗೆ,

ವಾರಿಜಾ ಮಾಡುವ ನಮಸ್ಕಾರಗಳು. ಕಲೂರಿನಲ್ಲಿ ನೀವು, ಮಗ ಸುಧನ್ವ, ಮೊಮ್ಮಕ್ಕಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿಗೆ ಬಂದು ಹದಿನಾರು ದಿನವಾದರೂ ಒಂದು ಸಾಲು ಬರೆಯಲಿಲ್ಲ, ಬೇಸರಿಸಬೇಡಿ. ಫೋನಿನಲ್ಲಿ ಹೇಳೋಣವೆಂದರೆ ಸ್ಪೀಕರಿಗೆ ಹಾಕದೆ ನಿಮಗೆ ಕೇಳಿಸದು, ಹಾಕಿದರೆ ಇಡೀ ಫ್ಲ್ಯಾಟಿಗೇ ಕೇಳಿಸುತ್ತದೆ. ನಿಮ್ಮ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಎಷ್ಟು ಸಲ ಹಂಗಿಸಿದ್ದೆ ನಾನು! ಇವತ್ತು ಅದೇ ಒಳ್ಳೆಯದಾಯಿತು.

ನಿಮ್ಮ ತಮ್ಮನ ವಿಷಯ ಮೊದಲಿನಿಂದ ಹೇಳುತ್ತೇನೆ. ಆಗಸ್ಟಿನಲ್ಲಿ ಕಾಕ್ಕನಾಡಿನ ಕಲೆಕ್ಟರೇಟಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳು. ನಾನು ಮಹಾ ಜಾಣೆಯಲ್ಲವೇ, ಮೆಡಿಕಲ್ ಶಾಪಿನಿಂದ ಕಬ್ಬಿಣದ ಮಾತ್ರೆ ತಂದು ನುಂಗಿಸತೊಡಗಿದೆ. ಇದ್ದ ರಕ್ತ ಎಲ್ಲಿಗೆ ಹೋಯಿತು ಎಂದು ಕೇಳಲೇ ಇಲ್ಲ. ಓಣಂ ರಜೆ ಮುಗಿದು ಆಫೀಸಿಗೆ ಹೋದ ದಿನವೇ ಇವರು ತಲೆತಿರುಗಿ ಬಿದ್ದರು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ವರದಿ ಬಂದೊಡನೆ ನಮ್ಮನ್ನು ಇಲ್ಲಿಯ ದೊಡ್ಡಾಸ್ಪತ್ರೆಗೆ ಕಳಿಸಿದರು.

ಇಲ್ಲಿಯ ಡಾಕ್ಟರ್ ಅಪರ್ಣಾ ಮಗಳ ಪ್ರಾಯದವಳು, ತಾಳ್ಮೆಯವಳು. "ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತೇ?" ಎಂದು ಮಲಯಾಳದಲ್ಲಿ ಕೇಳಿದಳು. ಹೊಟ್ಟೆಯೊಳಗೆ ರಕ್ತ ಸೋರಿದರೆ ಹಾಗಾಗುತ್ತದಂತೆ. ಇವರು ಹೌದೆಂದರು.

"ಎಂದಿನಿಂದ?"

"ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ. ಅದರಿಂದಲೇ ಅಂದುಕೊಂಡೆ."

"ಮನೆಯಲ್ಲಿ ಹೇಳಲಿಲ್ಲವೇ?"

ಇವರು ನನ್ನ ಕಡೆ ನೋಡದೆ, "ಇಲ್ಲ, ಇಂಥದ್ದನ್ನೆಲ್ಲ ಹೇಳುವುದೆಂತ" ಎಂದರು. "ಗಂಡಸರೆಲ್ಲ ಹೀಗೇ, ಚೇಚೀ" ಎಂದು ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ನಾನು ಹಿಡಿಸಿಕೊಂಡು ಕೂತೆ.

ಅತ್ತಿಗೇ, ಅದು ಕ್ಯಾನ್ಸರ್. ಸ್ಕ್ಯಾನಿನಲ್ಲಿ ಲಿವರಿಗೂ ಹರಡಿದ್ದು ಕಂಡಿದೆ. ಇನ್ನು ಆಪರೇಷನ್ನಿಲ್ಲ. ಮದ್ದು ಕೊಟ್ಟು ಸ್ವಲ್ಪ ಕಾಲ ತಡೆದು ನಿಲ್ಲಿಸಲು ನೋಡಬಹುದಂತೆ. ಆರು ತಿಂಗಳ ಹಿಂದೆ ಬಂದಿದ್ದರೆ ಮಾತೇ ಬೇರೆಯಾಗಿರುತ್ತಿತ್ತು ಎಂದಳು.

ಇವರ ತಮಾಷೆ ಮಾತ್ರ ನಿಂತಿಲ್ಲ. ಸ್ಕ್ಯಾನು, ವರದಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿಟ್ಟುಕೊಂಡು, "ಸರ್ಕಾರಿ ನೌಕರನ ಹೊಟ್ಟೆ ಮಾರಾಯ್ತಿ, ಫೈಲು ಸರಿ ಇರ್ಬೇಕು" ಎನ್ನುತ್ತಾರೆ. ಗಂಜಿ ನಾಲ್ಕು ಚಮಚಕ್ಕಿಂತ ಹೆಚ್ಚು ಇಳಿಯುವುದಿಲ್ಲ. ಬೆನ್ನು ಉಜ್ಜುವಾಗ ಎಲುಬೆಲ್ಲ ಕೈಗೆ ಸಿಗುತ್ತದೆ. ನನಗೆ ತುಂಬ ಹೆದರಿಕೆಯಾಗುತ್ತದೆ, ಅತ್ತಿಗೇ.

ಇವರು ಮನೆಯಲ್ಲಿ ಹೇಳದೆ ಮುಚ್ಚಿಟ್ಟರೆಂದು ಕೇಳಿ ಮೊನ್ನೆ ನೀವು ಫೋನಿನಲ್ಲಿ, "ಬಾಯಿ ಬಿಟ್ಟು ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?" ಎಂದು ಅವರನ್ನು ಬೈದಿರಿ. ಅವರು ಹೂಂಗುಟ್ಟುತ್ತ ಕೇಳಿಸಿಕೊಂಡರು. ಆವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಇವರನ್ನು ಎತ್ತಿ ಆಡಿಸಿದವರು ನೀವು. ಅಲ್ಲಿಂದಲೇ ಇವರ ತಲೆಯ ಮೇಲೆ ನಿಮ್ಮ ಆಶೀರ್ವಾದವಿರಲಿ. ನನಗೂ ಇರಲಿ ಎಂದು ಕೇಳುವ ಬಾಯಿ ನನಗಿಲ್ಲ.

ನಿಮ್ಮ
ವಾರಿಜಾ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬಾರದ್ದು: ಇವರು ಹೇಳಿದ್ದರು. ಮಾತ್ರೆ ಶುರುವಾಗುವುದಕ್ಕೆ ನಾಲ್ಕು ತಿಂಗಳು ಮೊದಲು, ವಿಷುವಿನ ಊಟಕ್ಕೆ ಕೂತಲ್ಲಿ. "ಅಂಬಲಮುಗಳಿನ ರಿಫೈನರಿ ನನ್ನ ಹೊಟ್ಟೆಗೇ ಬಂದಿದೆ ಮಾರಾಯ್ತಿ, ಮೂರು ದಿನದಿಂದ ಬರೀ ಡಾಂಬರು" ಎಂದರು. ನನ್ನ ಮಡಿ, ನನ್ನ ಬಾಯಿ ನಿಮಗೆ ಗೊತ್ತೇ ಇದೆ. "ಥೂ, ಎಲೆ ಎದುರು ಕೂತು ಎಂಥ ಹೊಲಸು ಮಾತು! ಇನ್ನೊಮ್ಮೆ ನನ್ನ ಹತ್ರ ಇದನ್ನೆಲ್ಲ ಎತ್ತಬೇಡಿ" ಎಂದು ಗದರಿಸಿದೆ. ನೀವು ಅಲ್ಲೇ ಪಾಯಸ ಬಡಿಸುತ್ತಿದ್ದಿರಿ. ಕೇಳಿಸದಿದ್ದರೂ ಏನೋ ತಮಾಷೆಯೆಂದು ನೀವೂ ನಕ್ಕಿರಿ. ಇವರು ಮತ್ತೆ ಎತ್ತಲಿಲ್ಲ. ಡಾಕ್ಟರ ಮುಂದೆ ಸುಳ್ಳು ಹೇಳಿದ್ದೂ ನನ್ನ ಮಾನ ಉಳಿಸಲು. ಇನ್ನು ಅವರನ್ನು ಬೈಯಬೇಡಿ, ನನ್ನನ್ನು ಬೈಯಿರಿ.

ಈಗ ದಿನಾ ಬೆಳಿಗ್ಗೆ ನಾನೇ ಕೇಳುತ್ತೇನೆ, "ಇವತ್ತು ಹೇಗೆ ಹೋಯಿತು?" ಎಂದು. "ನಿನ್ನ ತಿಂಡಿ ಆಗ್ಲಿ, ಆಮೇಲೆ ಹೇಳ್ತೇನೆ" ಎನ್ನುತ್ತಾರೆ.