ನನ್ನ ಗಂಟಲು, ಅವಳ ಚೆಂಡು

ಆಗಸ್ಟ್ 3, ಬೆಳಿಗ್ಗೆ 6.15

ಸುಣ್ಣದ ಗೆರೆ ಎಳೆದಾಯಿತು. ಸಾಫ್ಟ್‌ಬಾಲ್ ಕಲಿಯಲು ಹನ್ನೆರಡು ಹುಡುಗಿಯರು, ಏಳು ಗ್ಲೋವ್. ಕೈ ಕಿವಿಯ ಪಕ್ಕದಲ್ಲೇ ಸುತ್ತಬೇಕು, ಮುಂಗೈ ಸೊಂಟ ಸವರಿದೊಡನೆ ಮಣಿಕಟ್ಟು ಕೊಡವಿ ಚೆಂಡು ಬಿಡಬೇಕು — ಇಷ್ಟೇ ಪಿಚಿಂಗ್. ಆದರೆ ಬಿಡುವ ಗಳಿಗೆ ಯಾರಿಗೂ ಸಿಗುತ್ತಿಲ್ಲ. ಅದಕ್ಕೇ ಪ್ರತಿ ಎಸೆತಕ್ಕೂ ಆ ಗಳಿಗೆಗೆ ಸರಿಯಾಗಿ ನಾನೇ "ಹಾಂ" ಅನ್ನುತ್ತೇನೆ. ಅಪ್ಪನ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಕೊನೇ ಬೆಂಚು ಮುಟ್ಟಿದ ಗಂಟಲು. ಬೇಲಿಯಾಚೆ ಮಲಗಿದ ನಾಯಿಯೂ ಎದ್ದು ನಿಲ್ಲುತ್ತದೆ.

ಟೈಲರಮ್ಮನ ಮಗಳು, ಹನ್ನೊಂದು ವರ್ಷ. ಗಾತ್ರ ನೋಡಿ ಮೆಣಸಿನಕಾಳು ಎಂದು ಹೆಸರಿಟ್ಟಿದ್ದೇನೆ. ಹತ್ತು ಎಸೆತಕ್ಕೆ ಒಂಬತ್ತು ಸರಿ. ಸಿಕ್ಕಳು ನನ್ನ ನಾಯಕಿ.

ಆಗಸ್ಟ್ 19

ಮೆಣಸಿನಕಾಳು ಕೈ ಮೇಲೆತ್ತಿದ್ದಳು. ಅಷ್ಟರಲ್ಲಿ ಫೋನ್ ಬಂತು. ಎತ್ತಿಕೊಂಡು "ಹಾಂ" ಅಂದೆ. ಚೆಂಡು ಅಲ್ಲಿಂದಲೇ ಹಿಂದಕ್ಕೆ ಹಾರಿತು. ಅವಳ ಬೆನ್ನ ಹಿಂದೆ ಎರಡನೇ ಬೇಸ್ ಕಾಯುತ್ತಿದ್ದವಳ ಹುಬ್ಬಿಗೆ. ಮೂರು ಹೊಲಿಗೆ.

"ನೀವು ಹಾಂ ಅಂದ್ರಲ್ಲ ಮಿಸ್, ಅದಕ್ಕೇ ಬಿಟ್ಟೆ."

"ಕೈ ಸೊಂಟಕ್ಕೆ ಬಂದೇ ಇರ್ಲಿಲ್ವಲ್ಲೇ."

"ಅದನ್ನ ನೋಡೋಕೆ ನೀವಿದೀರಲ್ಲ."

ಹದಿನೈದು ದಿನ ನಾನು ಕಲಿಸಿದ್ದು ಕೈಗಲ್ಲ, ಕಿವಿಗೆ.

ಆಗಸ್ಟ್ 20, ಸಂಜೆ

ಟೈಲರಮ್ಮ ಅಳತೆ ಟೇಪು ಕುತ್ತಿಗೆಯಲ್ಲಿದ್ದ ಹಾಗೇ ಬಂದರು.

"ಯಾರ ಕಣ್ಣಾದ್ರೂ ಹೋದ್ರೆ ನಾನೇನು ಹೊಲಿದು ಕೊಡೋಕಾಗುತ್ತಾ ಮಿಸ್? ಶನಿವಾರ ಮ್ಯಾಚಿಗೆ ಬರ್ತೀನಿ. ಚೆಂಡು ಹಂಗೇ ಸಿಕ್ಕಸಿಕ್ಕಲ್ಲಿ ಹೋಗ್ತಿದ್ರೆ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಆಮೇಲೆ ಗ್ರೌಂಡ್ ಕಡೆ ತಲೆ ಹಾಕಲ್ಲ ಅವಳು."

ಶನಿವಾರಕ್ಕೆ ಇನ್ನು ಐದೇ ದಿನ.

ಆಗಸ್ಟ್ 23

"ಹಾಂ" ಅನ್ನಬಾರದೆಂದು ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ನಿಂತೆ. "ಮಿಸ್ ದರೋಡೆಗೆ ಹೊರಟಿದಾರೆ ಕಣ್ರೇ" ಎಂದು ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಮೆಣಸಿನಕಾಳು ನಗಲಿಲ್ಲ. ಇಪ್ಪತ್ತು ಎಸೆತ — ಹನ್ನೊಂದು ನೆಲಕ್ಕೆ, ಐದು ಆಕಾಶಕ್ಕೆ.

"ಒಂದೇ ಒಂದ್ಸಲ ಅನ್ನಿ ಮಿಸ್." ಕಣ್ಣಲ್ಲಿ ನೀರು.

ಅಂದುಬಿಟ್ಟೆ. ಚೆಂಡು ನೆಟ್ಟಗೆ ಹೋಯಿತು. ಥೂ, ನನ್ನ ಬಾಯಿಗಿಷ್ಟು.

ಆಗಸ್ಟ್ 25, ಶನಿವಾರ, 4.40 — ಬೆಂಚಿನ ಮೇಲೆ

ಇಲ್ಲಿಯವರೆಗೆ ಕೂಗಿಯೇ ಆಡಿಸಿದೆ. ಈಗ ಅಂಪೈರ್ ಬಂದು, "ಮೇಡಂ, ಚೆಂಡು ಬಿಡೋವಾಗ ಇನ್ನೊಂದ್ಸಲ ಬಾಯಿ ತೆಗೆದ್ರೆ ನೀವು ಗೇಟಾಚೆ" ಎಂದು ಹೋದರು. ಬಾಯಿ ಮುಚ್ಚಿಕೊಂಡಿರಲು ಬೇರೆ ದಾರಿ ಗೊತ್ತಿಲ್ಲ, ಬರೆಯುತ್ತಿದ್ದೇನೆ.

ಕೊನೇ ಇನಿಂಗ್ಸ್. ಎರಡು ಚೆಂಡು ನೆಲಕ್ಕೆ. ಮೂರನೆಯದು ಬ್ಯಾಟರ್ ತಲೆ ಮೇಲಿಂದ.

ಬೇಲಿಯಾಚೆ ಟೈಲರಮ್ಮ ಎದ್ದರು. ಬ್ಯಾಗು ಹೆಗಲಿಗೇರಿತು.

ಮೆಣಸಿನಕಾಳು ನನ್ನನ್ನೇ ನೋಡುತ್ತಿದ್ದಾಳೆ. "ಹಾಂ" ಗಂಟಲಲ್ಲಿ ಬಂದು ಕೂತಿದೆ. ಒಂದೇ ಒಂದು... ಅಂದರೆ ಈ ಚೆಂಡು ಉಳಿಯುತ್ತದೆ. ಅವಳು?

ತಲೆ ತಗ್ಗಿಸಿದೆ. ಪುಸ್ತಕದ ಮೇಲೆ ಕಣ್ಣು.

ಕಳ್ಳಗಣ್ಣಲ್ಲಿ ನೋಡಿದೆ. ಮೆಣಸಿನಕಾಳು ಬ್ಯಾಟರ್ ಕಡೆ ತಿರುಗಿದ್ದಾಳೆ. ಬರಿಗೈಯನ್ನು ಸೊಂಟಕ್ಕೆ ಸವರಿಕೊಂಡಳು, ಎರಡು ಸಲ. ಟೈಲರಮ್ಮ ಒಳಬರಲು ಗೇಟಿನ ಚಿಲಕಕ್ಕೆ ಕೈ ಹಾಕಿದರು.

ಕೈ ಸುತ್ತಿತು. ಕಿವಿ. ಸೊಂಟ. ತುಟಿ ಅಲ್ಲಾಡಿತು — "ಹಾಂ". ನಾನಲ್ಲ. ಅವಳೇ, ಅವಳಷ್ಟಕ್ಕೆ.

ಕ್ಯಾಚರ್ ಗ್ಲೋವ್ ಇಟ್ಟಲ್ಲಿಂದ ಕದಲಿಸಬೇಕಾಗಲಿಲ್ಲ.

ಟೈಲರಮ್ಮನ ಕೈ ಚಿಲಕದ ಮೇಲೇ ಇದೆ. ಗೇಟು ತೆಗೆಯುತ್ತಿಲ್ಲ. ಮೆಣಸಿನಕಾಳು ಮತ್ತೆ ಸೊಂಟ ಸವರಿಕೊಂಡಳು. ನನ್ನ ಕಡೆ ತಿರುಗದೆಯೇ ಮುಂದಿನ ಚೆಂಡಿಗೆ ಕೈ ಎತ್ತಿ —