ಕುದುರೆಯ ಬೆನ್ನಿಗೊಂದು ಕೌದಿ

ಶಹಾಪುರ
ಭಾನುವಾರ, ೧೮ ಜನವರಿ ೨೦೨೬

ತಮ್ಮ ಬುದ್ಧಪ್ರಿಯನಿಗೆ ಅಕ್ಕ ಲಾಲಮ್ಮನ ಜೈ ಭೀಮ್.

ಹೇಗಿದ್ದೀ? ದೌಂಡದಲ್ಲಿ ಈ ಸಲ ಚಳಿ ಜಾಸ್ತಿಯಂತೆ. ನಸುಕಿನಲ್ಲಿ ರೈಲು ಹಳಿ ನೋಡುತ್ತ ಮೈಲುಗಟ್ಟಲೆ ನಡೆಯುವವನು ಕಿವಿಗೆ ಏನಾದರೂ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಎಡಗಾಲಿನ ಹಿಮ್ಮಡಿ ನೋವು ಕಡಿಮೆಯಾಯಿತೇ? ದಾನೇಶ್ವರಿ ಹೇಗಿದ್ದಾಳೆ, ಸಣ್ಣವನ ಕೆಮ್ಮು ಹೋಯಿತೇ? ನಾವು ಆರಾಮ ಇದ್ದೇವೆ ಎಂದು ಬರೆಯುವುದು ಪದ್ಧತಿ; ಬರೆದಿದ್ದೇನೆ ಎಂದು ತಿಳಿದುಕೋ. ಕೈಯಲ್ಲಿ ಫೋನ್ ಇರುವಾಗ ಅಕ್ಕನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಬೇಡ. ನವೆಂಬರ್‌ನಿಂದ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಕೂತಿದ್ದೀ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಹಾಜರಿ ಬರೆದ ಕೈ ಇದು, ಬರೆಯಲು ಬೇಸರವಿಲ್ಲ. ಹರಿದು ಒಲೆಗೆ ಹಾಕುವುದಿದ್ದರೆ ಹಾಕು, ಆದರೆ ಪೂರ್ತಿ ಓದಿ ಹಾಕು.

ಮೊದಲು ನಿನ್ನ ಮಗಳ ಸುದ್ದಿ. ನಿನಗೊಬ್ಬ ಮಗಳಿದ್ದಾಳೆ, ಸಪ್ನಾ, ಒಂಬತ್ತು ತುಂಬಿತು. ಮರೆತಿದ್ದರೆ ಇರಲಿ ಎಂದು ಬರೆದೆ. ಮೂರು ವರ್ಷದ ಹಿಂದೆ ಅವಳನ್ನು ಎತ್ತಿಕೊಂಡು ಬಂದು ನನ್ನ ಹಾಸಿಗೆಯ ಮೇಲೆ ಮಲಗಿಸಿ, "ಒಂದ್ ತಿಂಗಳಾ ಇಟ್ಕೋ ಅಕ್ಕಾ, ಕ್ವಾಟ್ರಸ್ ಸಿಕ್ಕ ಕೂಡ್ಲೆ ಒಯ್ತೀನಿ" ಅಂದಿದ್ದೆ. ಕ್ವಾಟ್ರಸ್ ಸಿಕ್ಕು ಎರಡು ವರ್ಷವಾಯಿತು, ಬಾಗಿಲಿಗೆ ತೋರಣ ಕಟ್ಟಿದ ಫೋಟೋ ಕೂಡ ನೋಡಿದ್ದೇನೆ. ಗಂಡ ತೀರಿಕೊಂಡ, ಮಕ್ಕಳಿಲ್ಲದ ಅಕ್ಕನಿಗೆ ಒಂದು ಕೂಸಾಯಿತು ಎಂದು ಸಮಾಧಾನ ಮಾಡಿಕೊಂಡಿರಬೇಕು ನೀನು. ನಾನೂ ಸುಳ್ಳು ಹೇಳುವುದಿಲ್ಲ, ಈ ಮನೆಯಲ್ಲಿ ಒಲೆ ಹೊತ್ತಿಸಬೇಕು ಅನ್ನಿಸುವುದೇ ಅವಳಿಂದ. ಆದರೆ ಅವಳ ಕಾಲು ನಿನಗೆ ಗೊತ್ತಲ್ಲ, ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕತ್ತರಿಯಂತೆ ಒಂದರ ಮೇಲೊಂದು ಬಿಗಿದ ಕಾಲು. ಕುತ್ತಿಗೆ ನಿಲ್ಲುತ್ತಿರಲಿಲ್ಲ, ಬೆನ್ನು ನಿಲ್ಲುತ್ತಿರಲಿಲ್ಲ, ಬಾಯಿಂದ ಒಂದು ಮಾತಿಲ್ಲ. ಗೋಡೆಗೆ ಆನಿಸಿ ಎರಡು ದಿಂಬು ಕೊಟ್ಟರೂ ಜಾರಿ ಬೀಳುತ್ತಿದ್ದಳು.

ಕಳೆದ ಜುಲೈಯಲ್ಲಿ ಹೊರಗಿನ ಸಂಸ್ಥೆಯೊಂದು ಇಲ್ಲಿ ಬಂದು, ಇಂಥ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಮೈ ಪಳಗಿಸುವ ಕೆಲಸ ಶುರು ಮಾಡಿತು. ಕೇಳಿ ನಾನೂ ನಕ್ಕೆ. ನೆಲದ ಮೇಲೆ ಕೂರಲಾರದವಳು ಕುದುರೆ ಏರುತ್ತಾಳಂತೆ! ಆದರೆ ಯಾದಗಿರಿಯಿಂದ ಬರುವ ಫಿಜಿಯೋಥೆರಪಿಯ ಸೌಭಾಗ್ಯ ಮೇಡಂ ತಿಳಿಸಿ ಹೇಳಿದಳು: ಕುದುರೆ ಹೆಜ್ಜೆ ಇಟ್ಟಾಗ ಅದರ ಬೆನ್ನು ಅಲುಗುವುದು ನಾವು ನಡೆಯುವಾಗ ಸೊಂಟ ಅಲುಗುವ ಹಾಗೆಯೇ, ನಡೆದೇ ಗೊತ್ತಿಲ್ಲದ ಮೈ ಆ ಅಲುಗಾಟದಿಂದ ನಡಿಗೆ ಕಲಿಯುತ್ತದೆ. ಶನಿವಾರಕ್ಕೊಮ್ಮೆ ಆರು ಮಕ್ಕಳು. ಕುದುರೆ ಸುರಪುರದ ಅತೀಕನದು. ಮದುಮಕ್ಕಳನ್ನು ಹೊರುವ ಬಿಳಿ ಹೆಣ್ಣು ಕುದುರೆ, ಹೆಸರು ಶಹಜಾದಿ, ಬ್ಯಾಂಡಿಗೂ ಪಟಾಕಿಗೂ ಬೆದರುವ ಪ್ರಾಣಿಯಲ್ಲ. ಬೆನ್ನಿಗೆ ಜೀನು ಹಾಕುವುದಿಲ್ಲ, ದಪ್ಪ ಗಾದಿ ಹಾಸುತ್ತಾರೆ. ಒಬ್ಬರು ಮುಂದೆ ಹಗ್ಗ ಹಿಡಿಯಬೇಕು, ಎರಡೂ ಮಗ್ಗುಲಿಗೆ ಒಬ್ಬೊಬ್ಬರು ಮಗುವಿನ ತೊಡೆ ಒತ್ತಿ ಹಿಡಿದು ಜೊತೆಗೆ ನಡೆಯಬೇಕು. ಮೂರು ಜನ ಇಲ್ಲದೆ ಕುದುರೆ ಒಂದು ಹೆಜ್ಜೆ ಕೂಡ ಕೀಳಬಾರದು, ಅದು ನಿಯಮ. ಸಪ್ನಾಳ ಸರದಿ ಬಂದಾಗ ಹಗ್ಗ ಅತೀಕನ ಕೈಯಲ್ಲಿ, ಎಡಕ್ಕೆ ನಾನು, ಬಲಕ್ಕೆ ಸೌಭಾಗ್ಯ. ಮೂರನೇ ತಿಂಗಳಿಗೆ ಕುತ್ತಿಗೆ ನಿಂತಿತು. ಅಕ್ಟೋಬರಿನಲ್ಲಿ ಒಂದು ದಿನ ಕುದುರೆ ನಿಂತುಬಿಟ್ಟಾಗ ಮೇಲಿನಿಂದ "ನಡಿ" ಅಂದಳು. ಒಂಬತ್ತು ವರ್ಷಕ್ಕೆ ಮೊದಲ ಮಾತು. ಕುದುರೆ ನಡೆಯಿತು, ಅತೀಕ ನಡೆದ, ನಾನು ಮಾತ್ರ ಅಲ್ಲೇ ಕೂತು ಗೊಳೋ ಅಂತ ಅತ್ತೆ.

ಆ ಸಂತೋಷಕ್ಕೇ ನಿನಗೆ ಫೋಟೋ ಕಳಿಸಿದ್ದು. ನೀನು ತಿರುಗಿ ಬರೆದದ್ದು ಮೂರು ಮಾತು: "ಕುದುರಿ ಮ್ಯಾಲಿಂದ ಇಳಸು." ಆಮೇಲೆ ಬ್ಲಾಕ್. ಅವತ್ತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಈಗ ಬೈಗುಳ ಸ್ವಲ್ಪ ನನ್ನ ಪಾಲಿಗೂ ಇಟ್ಟುಕೊಂಡಿದ್ದೇನೆ, ಯಾಕೆ ಎಂದು ಹೇಳುತ್ತೇನೆ.

ಎರಡನೇ ವಾರವೇ ಸೌಭಾಗ್ಯ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಸಪ್ನಾಗ ಹಾಸಾಕ ಮನಿಯಿಂದ ಒಂದು ಕೌದಿ ತರ್ರಿ, ಸ್ವಚ್ಛ ಇರ್ತದ" ಅಂದಿದ್ದಳು. ಹುಡುಗಿ ಜೊಲ್ಲು ಸುರಿಸುತ್ತಾಳೆ, ಒಮ್ಮೊಮ್ಮೆ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾಳೆ, ಹೌದು ಬಿಡು ಅಂದುಕೊಂಡೆ. ಹಳೆಯದನ್ನು ಒಯ್ಯಲು ಮನಸ್ಸಾಗಲಿಲ್ಲ. ಅವ್ವನ ಎರಡು ಸೀರೆ, ನನ್ನ ಗಂಡನ ಅಂಗಿ, ನಡುವಿಗೆ ಚಂದ ಕಾಣಲಿ ಎಂದು ನಿನ್ನ ಲಗ್ನದ ಗುಲಾಬಿ ರುಮಾಲು, ಎಲ್ಲ ಸೇರಿಸಿ ಹದಿನೈದು ದಿನ ಕೂತು ಹೊಲಿದೆ. ಶನಿವಾರ ಅದನ್ನು ಗಾದಿಯ ಮೇಲೆ ಹಾಸುವಾಗ ಎಲ್ಲರೂ ನೋಡಲಿ ಎಂದು ಎರಡು ಸಲ ಝಾಡಿಸಿ ಹಾಸುತ್ತಿದ್ದೆ. ನಿನ್ನ ಅಕ್ಕನಂಥ ಪೆದ್ದಿ ಈ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ.

ಆ ರುಮಾಲು ನಿನಗೆ ನೆನಪಿದೆ, ಗೊತ್ತು. ಹನ್ನೊಂದು ವರ್ಷದ ಹಿಂದೆ ಅದನ್ನು ಸುತ್ತಿಕೊಂಡು ನೀನು ಕುದುರೆ ಏರಿದಾಗ ನಮ್ಮ ಕೇರಿಯಿಂದ ಮೊದಲ ಸಲ ಒಬ್ಬ ಮದುಮಗ ಕುದುರೆ ಏರಿದ್ದ. ಗುಡಿ ಓಣಿಯ ಬಾಯಿಗೆ ಬಂದಾಗ ಯಾರೂ ಕಲ್ಲು ಎಸೆಯಲಿಲ್ಲ, ಬಡಿಗೆ ಎತ್ತಲಿಲ್ಲ. ಕಟ್ಟೆಯ ಮೇಲೆ ಕೂತ ಮುದುಕನೊಬ್ಬ ಎಲೆ ಅಡಿಕೆ ಅಗಿಯುತ್ತ, ಬೆಲ್ಲದಂಥ ದನಿಯಲ್ಲಿ "ಇಳಿಯೋ ತಮ್ಮಾ, ಓಣಿ ದಾಟಿದ ಮ್ಯಾಲ ಮತ್ತ ಏರುವಂತಿ" ಅಂದ. ನೀನು ಇಳಿದೆ. ಓಣಿ ದಾಟಿದ ಮೇಲೂ ಏರಲಿಲ್ಲ, ಹಂದರದವರೆಗೆ ನಡೆದೇ ಹೋದೆ. ಆಮೇಲೆ ಊರನ್ನೇ ಬಿಟ್ಟೆ. ಬಡಿಸಿಕೊಂಡಿದ್ದರೆ ನಿನಗೆ ಸಿಟ್ಟಾದರೂ ಉಳಿಯುತ್ತಿತ್ತು, ತಾನಾಗಿ ಇಳಿದದ್ದಕ್ಕೆ ನಾಚಿಕೆ ಮಾತ್ರ ಉಳಿಯಿತು. ಇದನ್ನು ನಾವಿಬ್ಬರೂ ಎಂದೂ ಮಾತಾಡಿಲ್ಲ. ಪತ್ರದಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಈ ತಿಂಗಳ ಮೂರನೇ ತಾರೀಖಿನ ಸಂಗತಿ. ಹಿಂದಿನ ದಿನ ಒಗೆದ ಕೌದಿ ಚಳಿಗೆ ಒಣಗಿರಲಿಲ್ಲ. ಒಂದು ದಿನಕ್ಕೆ ಏನಾಗುತ್ತದೆ ಎಂದು ಹಾಗೇ ಹೋದೆ. ಅತೀಕನಿಗೂ ಲಕ್ಷ್ಯವಿರಲಿಲ್ಲ, ಎಲ್ಲ ಮಕ್ಕಳು ಕೂರುವ ಗಾದಿಯ ಮೇಲೆಯೇ ಸಪ್ನಾಳನ್ನು ಕೂರಿಸಿದ. ಆಗ ಕಿರಾಣಿ ಅಂಗಡಿಯ ಸೂಗಮ್ಮ, ಮೊಮ್ಮಗನನ್ನು ಕರೆತರುವವಳು, ವಾರವಾರ ನನ್ನ ಜೊತೆ ಸುಖದುಃಖ ಮಾತಾಡುವವಳು, ಎದ್ದು ನಿಂತಳು. "ಕೌದಿ ತಂದಿಲ್ಲೇನ್ರಿ ಲಾಲಮ್ಮಾರ? ಹಂಗಾರ ಇವತ್ತ ಬ್ಯಾಡ ಬಿಡ್ರಿ, ಇಳಸ್ರಿ. ನಮ್ಮ ಹುಡುಗ್ರು ಅದರ ಮ್ಯಾಲೇ ಕುಂದ್ರಬೇಕಲ್ರಿ." ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದ. ಸುತ್ತ ನೋಡಿದೆ. ಅವಳ ಮೊಮ್ಮಗ ಸಪ್ನಾಗಿಂತ ಹೆಚ್ಚು ಜೊಲ್ಲು ಸುರಿಸುತ್ತಾನೆ. ಉಳಿದ ಐದೂ ಮಕ್ಕಳಲ್ಲಿ ಒಬ್ಬರ ಮನೆಯಿಂದಲೂ ಕೌದಿ ಬಂದಿರಲಿಲ್ಲ, ಎಂದೂ ಬಂದಿರಲಿಲ್ಲ. ಆರು ತಿಂಗಳು ಕಣ್ಣ ಮುಂದೆ ಇದ್ದದ್ದು ನನಗೆ ಆ ಗಳಿಗೆಯಲ್ಲಿ ಕಂಡಿತು. ಅಪ್ಪನ ಕಾಲಕ್ಕೆ ಚಹಾದಂಗಡಿಯ ಗೋಡೆಗೂಡಿನಲ್ಲಿ ನಮಗೆಂದು ಬೇರೆ ಕಪ್ಪು ಇರುತ್ತಿತ್ತಲ್ಲ, ಆ ಕಪ್ಪನ್ನು ನಾನೇ ಬಣ್ಣದ ದಾರ ಹಾಕಿ ಹೊಲಿದುಕೊಂಡು ಹೋಗಿದ್ದೆ.

ಸೌಭಾಗ್ಯ ಬಲಗಡೆಯಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದಳು. ಮತ್ತೆ ನಾನು ಏನು ಮಾಡಿದೆ ಗೊತ್ತೇ? ಕೇಳು, ನಗು ಬೇಕಾದರೆ. ಮಗುವನ್ನು ಇಳಿಸಲು ಎರಡೂ ಕೈ ಮೇಲೆತ್ತಿದೆ. ಹನ್ನೊಂದು ವರ್ಷ ಮನಸ್ಸಿನಲ್ಲೇ ನಿನ್ನನ್ನು ಹೇಡಿ ಅಂದವಳು, "ಇಳಸ್ರಿ" ಅಂದ ಕೂಡಲೇ ಕೈ ಎತ್ತಿದೆ. ಇಳಿಯದೇ ಹೋದವಳು ಸಪ್ನಾ. ಕುದುರೆಯ ಜೂಲನ್ನು ಮುಷ್ಟಿಯಲ್ಲಿ ಹಿಡಿದು "ನಡಿ" ಅಂದಳು. ಅತೀಕ ನನ್ನ ಮುಖ ನೋಡಿದ, ಸೂಗಮ್ಮನ ಮುಖ ನೋಡಿದ, ಹಗ್ಗ ಹಿಡಿದು ನಡೆದೇಬಿಟ್ಟ. ನಾನು ಎಡಕ್ಕೆ ಓಡಿ ತೊಡೆ ಹಿಡಿದೆ. ತಿರುವಿನಲ್ಲಿ ಅವಳು ಬಲಕ್ಕೆ ವಾಲಿದಳು, ಆ ಕಡೆ ಹಿಡಿಯಲು ಯಾರೂ ಇಲ್ಲ. ಹುಡುಗಿ ಹಲ್ಲು ಕಚ್ಚಿ ತಾನೇ ಮೈ ಎತ್ತಿಕೊಂಡಳು. ಒಂದು ಸುತ್ತು ಪೂರ್ತಿಯಾಯಿತು. ಅವಳನ್ನು ಇಳಿಸಿದ ಮೇಲೆ ಅತೀಕ ಹೇಳಿದ: "ಅಕ್ಕಾ, ನಿಮ್ಮ ತಮ್ಮನ ಲಗ್ನದಾಗ ಲಗಾಮ ಹಿಡದವ ನಾನೇರಿ. ಅವತ್ತ ತೆಳಗ ಮಾರಿ ಹಾಕ್ಕೊಂಡು ನಿಂತಿದ್ದೆ."

ಮುಂದಿನ ಶನಿವಾರ ನಾಲ್ಕು ಮಕ್ಕಳು ಬರಲಿಲ್ಲ. ಸೌಭಾಗ್ಯ ಕಣ್ಣೀರು ತೆಗೆದು ಹೇಳಿದಳು, ಆರು ಮಕ್ಕಳಿಲ್ಲದಿದ್ದರೆ ಸಂಸ್ಥೆ ಕೆಲಸ ನಿಲ್ಲಿಸುತ್ತದಂತೆ; ಉಳಿದವರು ಬಿಟ್ಟು ಹೋಗಬಾರದು, ಸಪ್ನಾಗೂ ಅನುಕೂಲವಾಗಲಿ ಎಂದೇ ಕೌದಿಯ ದಾರಿ ಹುಡುಕಿದ್ದಳಂತೆ. ಅವಳು ಕೆಟ್ಟವಳಲ್ಲ, ಅದೇ ನನಗೆ ಹೆಚ್ಚು ಉರಿ. ಈಗ ಒಂದು ಫಾರಂ ಕೊಟ್ಟಿದ್ದಾಳೆ. ಸಪ್ನಾಗೆ ಬೇರೆ ದಿನ, ಸೋಮವಾರ, ಯಾರೂ ಇಲ್ಲದಾಗ, ಕೌದಿ ಹಾಸಿ. "ನಮ್ಮ ಸ್ವಂತ ಇಚ್ಛೆಯಿಂದ ಪ್ರತ್ಯೇಕ ಸಮಯ ಮತ್ತು ಪ್ರತ್ಯೇಕ ಹಾಸು ಕೋರಿದ್ದೇವೆ" ಎಂದು ಅಚ್ಚು ಮಾಡಿಸಿದ್ದಾರೆ. ಮಗುವನ್ನು ಸೇರಿಸುವಾಗ ಅತ್ತೆಯೆಂದು ನನ್ನ ಸಹಿ ನಡೆಯಿತು, ಇದಕ್ಕೆ ಮಾತ್ರ ತಂದೆಯ ಸಹಿಯೇ ಬೇಕಂತೆ. ಎರಡು ವಾರದಿಂದ ಅವಳು ಕುದುರೆ ಏರಿಲ್ಲ, ಈಗಾಗಲೇ ಕಾಲು ಮತ್ತೆ ಬಿಗಿಯುತ್ತಿದೆ. ಬೆಳಿಗ್ಗೆ ಎಣ್ಣೆ ತಿಕ್ಕುವಾಗ ನನ್ನ ಕೈಗೆ ತಿಳಿಯುತ್ತದೆ. ಹೀಗೇ ಬಿಟ್ಟರೆ ಬೇಸಿಗೆ ಹೊತ್ತಿಗೆ ಕುತ್ತಿಗೆಯೂ ಬೀಳುತ್ತದೆ ಎಂದು ಸೌಭಾಗ್ಯಳೇ ಹೇಳಿದ್ದಾಳೆ. ಆದ್ದರಿಂದ ಫಾರಂ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಸಹಿ ಮಾಡಿ ಕಳಿಸು. ಮಾನಗೇಡಿ ಅನ್ನು, ಏನು ಬೇಕಾದರೂ ಅನ್ನು. ಅವಳ ಬೆನ್ನಿಗಿಂತ ನನ್ನ ಮಾನ ದೊಡ್ಡದಲ್ಲ.

ಮೈ ಕಡೆ ಲಕ್ಷ್ಯವಿರಲಿ, ರೈಲು ಬರುವಾಗ ಹಳಿಯಿಂದ ದೂರ ನಿಲ್ಲು. ದಾನೇಶ್ವರಿಗೆ ಅಕ್ಕ ಕೇಳಿದಳೆಂದು ಹೇಳು, ಸಣ್ಣವನ ತಲೆಯ ಮೇಲೆ ನನ್ನ ಕೈಯಿಟ್ಟಷ್ಟು ಆಶೀರ್ವಾದ. ಸಿಟ್ಟಿದ್ದರೂ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು,

ನಿನ್ನ ಅಕ್ಕ
ಲಾಲಮ್ಮ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ಅತೀಕ ಬಂದು ಹೋದ. ಫಾರಂ ಹೊರಗೆ ತೆಗೆದೆ, ಹುಡುಕಬೇಡ. ಸುರಪುರದಲ್ಲಿ ತನ್ನ ಮನೆಯ ಹಿಂದಿನ ಬಯಲಿನಲ್ಲಿ ಪ್ರತಿ ಭಾನುವಾರ ಸಪ್ನಾಳನ್ನು ಕೂರಿಸಿ ತಾನೇ ಕುದುರೆ ನಡೆಸುತ್ತಾನಂತೆ, ಹಗಲಿನಲ್ಲಿ, ನಾಲ್ಕು ಜನರ ಕಣ್ಣ ಮುಂದೆ, ಕೌದಿ ಬೇಡವಂತೆ. ಆದರೆ ಮೂರು ಜನ ಬೇಕೇ ಬೇಕು, ಮೊನ್ನೆಯ ಹಾಗೆ ಇನ್ನೊಮ್ಮೆ ಆಗಬಾರದು ಅಂದ. ಹಗ್ಗಕ್ಕೆ ಅವನು, ಎಡಕ್ಕೆ ನಾನು. ಓಣಿಯಲ್ಲಿ ನಾಲ್ಕು ಮನೆ ಕೇಳಿದೆ, ಎಲ್ಲರಿಗೂ ಕೂಲಿ ಇದೆ, ಅಂಜಿಕೆ ಇದೆ. ಬಲಗಡೆ ಖಾಲಿ. ಫೆಬ್ರವರಿ ಒಂದನೇ ತಾರೀಖು ಭಾನುವಾರ, ಯಾದಗಿರಿ ಸ್ಟೇಷನ್ನಿನಿಂದ ಬಸ್ಸಿದೆ, ಒಂದು ಸಲ ಬಂದು ಕೈ ಹಚ್ಚಿ ಹೋಗು, ಆಮೇಲಿನದು ಆಮೇಲೆ. ನಿನಗೆ ಕುದುರೆ ಏರು ಅನ್ನುವುದಿಲ್ಲ, ತಮ್ಮಾ. ಪಕ್ಕದಲ್ಲಿ ನಡೆದರೆ ಸಾಕು. ಅವತ್ತೂ ನಡೆದೇ ಹೋಗಿದ್ದೆಯಲ್ಲ.